ಹೆಸರಿಲ್ಲದ ಪಾರ್ಟು ಗಾಡಿಗೆ ಹಾಕಬಹುದೇ?

ಹೋದ ಬೇಸಿಗೆಯಲ್ಲಿ ನನ್ನ ಬೈಕಿನ ಹಿಂದಿನ ಬ್ರೇಕು ಕಿರ್ರೆನ್ನಲು ಶುರು ಮಾಡಿತು. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಹುಡುಕಿದರೆ ಒಂದು ಜೊತೆ ಬ್ರೇಕ್ ಶೂ 99 ರೂಪಾಯಿ, ಮನೆಗೆ ತಂದುಕೊಡುವ ಖರ್ಚೂ ಅದರಲ್ಲೇ. ಬೆರಳು ತಡೆಯಲಿಲ್ಲ. ನಾಲ್ಕನೇ ದಿನಕ್ಕೆ ಹಳದಿ ಡಬ್ಬಿ ಬಂತು. ಡಬ್ಬಿಯ ಮೇಲೆ ಬೆಂಕಿಯ ಚಿತ್ರ, ಕೆಳಗೆ 'ಪ್ರೀಮಿಯಂ ಕ್ವಾಲಿಟಿ' ಎಂಬ ಅಕ್ಷರ. ಮಾಡಿದವರ ಹೆಸರಿಲ್ಲ, ಊರಿಲ್ಲ, ತಿಂಗಳು ವರ್ಷ ಇಲ್ಲ. ಅದನ್ನೇ ಹಿಡಿದುಕೊಂಡು ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನಮ್ಮ ಮೆಕ್ಯಾನಿಕ್ ಹತ್ತಿರ ಹೋದೆ.

ಅವರು ಶೂವನ್ನು ಅಂಗೈಯಲ್ಲಿ ಎರಡು ಸಲ ತೂಗಿ ನೋಡಿದರು. ಲೈನರ್, ಅಂದರೆ ಶೂ ಮೇಲೆ ಅಂಟಿಸಿದ ಉಜ್ಜುವ ಪಟ್ಟಿ, ಅದರ ಅಂಚಿಗೆ ಉಗುರು ಹಾಕಿದರು. ಅಲ್ಯೂಮಿನಿಯಮ್ಮಿಗೂ ಲೈನರಿಗೂ ನಡುವೆ ಒಂದು ಕಡೆ ಕೂದಲೆಳೆಯಷ್ಟು ಸಂದು, ಇನ್ನೊಂದು ಕಡೆ ಅಂಟು ಉಕ್ಕಿ ಒಣಗಿ ಗಂಟಾಗಿತ್ತು. "ಹಾಕು ಅಂದ್ರ ಹಾಕಿ ಕೊಡ್ತೀನಿ ಸರ್. ಆದ್ರ ಸಂಡೂರು ಕಡಿ ಹೋಗಬ್ಯಾಡ್ರಿ, ಹಿಂದ ಮಕ್ಕಳನ್ನ ಕೂಡಿಸ್ಕೋಬ್ಯಾಡ್ರಿ" ಅಂದರು. ಮತ್ತೆ ಹಾಕುವುದಾದರೂ ಯಾಕೆ!

ತಮಾಷೆ ಏನೆಂದರೆ, ಅದೇ ಮನುಷ್ಯನ ಸ್ವಂತ ಗಾಡಿಯ ಮಿರರ್, ಇಂಡಿಕೇಟರ್, ಹ್ಯಾಂಡಲ್ ಗ್ರಿಪ್ ಎಲ್ಲವೂ ಆನ್‌ಲೈನಿನವು. ಒಂದಕ್ಕೂ ಹೆಸರಿಲ್ಲ. "ಭಾಯ್, ಇದೇನು?" ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಒಂದೇ ಮಾತು: "ಇದು ಕೈಕೊಟ್ರೆ ಹೆಚ್ಚಂದ್ರ ಗಾಡಿ ನಿಲ್ತದ. ಆ ಬ್ರೇಕು ಕೈಕೊಟ್ರೆ ನಾನು ಬೀಳ್ತೀನಿ." ಅಗ್ಗದ ಪಾರ್ಟು ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಚಿಕ್ಕ ಉತ್ತರ ಇದು. ಬ್ರ್ಯಾಂಡ್ ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಹೆಸರಿಲ್ಲದ ಮಾಲೆಂದರೆ ಬಳ್ಳಾರಿಯವರಿಗೆ ಹೆದರಿಕೆ ಇಲ್ಲ. ಇದು ಜೀನ್ಸ್ ಹೊಲಿಯುವ ಊರು. ಬಟ್ಟೆ ಕತ್ತರಿಸಿ, ಹೊಲಿದು, ಒಗೆದು, ಕೊನೆಗೆ ಹಚ್ಚುವುದು ಲೇಬಲ್ಲು. ಲೇಬಲ್ ಹಚ್ಚುವ ಮೊದಲೂ ಅದು ಅದೇ ಪ್ಯಾಂಟು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಪ್ಯಾಂಟಿನ ಗುಣ ಕೈಗೆ ಸಿಗುತ್ತದೆ. ಬಟ್ಟೆ ಮುಟ್ಟಿ, ಹೊಲಿಗೆ ಎಳೆದು, ಜಿಪ್ಪು ಹಾಕಿ ತೆಗೆದು ನೋಡಬಹುದು. ಬ್ರೇಕ್ ಶೂ ಗುಣ ಇರುವುದು ಅದರ ಅಂಟಿನಲ್ಲಿ, ಲೈನರಿನ ಮಿಶ್ರಣದಲ್ಲಿ, ಅದನ್ನು ಎಷ್ಟು ಹೊತ್ತು ಎಷ್ಟು ಬಿಸಿಯಲ್ಲಿ ಬೇಯಿಸಿದರು ಎಂಬುದರಲ್ಲಿ. ಚೈನಿನ ಗುಣ ಉಕ್ಕನ್ನು ಕಾಯಿಸಿ ಹದ ಮಾಡಿದ ರೀತಿಯಲ್ಲಿದೆ. ಇವು ಯಾವುವೂ ಕಣ್ಣಿಗೆ ಕಾಣುವುದಿಲ್ಲ, ಮೊಬೈಲಿನ ಫೋಟೋದಲ್ಲಂತೂ ಮೊದಲೇ ಇಲ್ಲ. ಪ್ಯಾಂಟು ಹರಿದರೆ ಅಂಗಿ ಕೆಳಗೆ ಎಳೆದುಕೊಂಡು ಮನೆ ಸೇರಬಹುದು, ಅದು ಬೇರೆ ಮಾತು.

ಹೆಸರಿಲ್ಲದ ಮಾಲು ಬೇರೆ, ಸುಳ್ಳು ಹೆಸರಿನ ಮಾಲು ಬೇರೆ. ನಾವು ಎರಡನ್ನೂ 'ಡೂಪ್ಲಿಕೇಟ್' ಎಂದೇ ಕರೆದುಬಿಡುತ್ತೇವೆ. ಗಾಡಿ ಮಾಡುವ ಕಂಪನಿಗಳು ತಮ್ಮ ಗಾಡಿಯ ಎಲ್ಲ ಪಾರ್ಟನ್ನೂ ತಾವೇ ಮಾಡುವುದಿಲ್ಲ. ಚೈನು ರೋಲಾನ್ ಅಥವಾ ಡೈಮಂಡ್ ಆಗಿರಬಹುದು, ಪ್ಲಗ್ಗು ಬಾಷ್ ಅಥವಾ ಎನ್‌ಜಿಕೆ, ಬೇರಿಂಗು ಎಸ್‌ಕೆಎಫ್ ಅಥವಾ ಎನ್‌ಬಿಸಿ. ಗಾಡಿ ಕಂಪನಿಯ ಡಬ್ಬಿಯಲ್ಲಿ ಬರುವುದು 'ಕಂಪನಿ ಪಾರ್ಟು'. ಅದನ್ನೇ ಮಾಡುವವರು ತಮ್ಮ ಸ್ವಂತ ಡಬ್ಬಿಯಲ್ಲಿ ಮಾರಿದರೆ ಎಷ್ಟೋ ಸಲ ರೇಟು ಕಡಿಮೆ, ಗುಣ ಹೆಚ್ಚೂಕಮ್ಮಿ ಅದೇ. ದುಡ್ಡು ಉಳಿಸಬೇಕೆನ್ನುವವರು ಮೊದಲು ನೋಡಬೇಕಾದ್ದು ಈ ಎರಡನೇ ಡಬ್ಬಿಯನ್ನು. ಅದರ ಕೆಳಗೆ, ಹೆಸರು ಕೇಳಿರದ ಸಣ್ಣ ಕಾರ್ಖಾನೆಗಳ ಮಾಲು, ಅಂಗಡಿಯವರು 'ಲೋಕಲ್' ಅನ್ನುವುದು. ಅದರಲ್ಲಿ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಕೊನೆಯದು ದೊಡ್ಡ ಕಂಪನಿಯ ಡಬ್ಬಿಯನ್ನು ಹಾಗೇ ಅಚ್ಚು ಹಾಕಿಸಿ ಒಳಗೆ ಏನನ್ನೋ ತುಂಬಿದ ಮಾಲು. ಹೆಸರಿಲ್ಲದ ಪಾರ್ಟು ತನ್ನ ಬಗ್ಗೆ ಏನನ್ನೂ ಹೇಳುವುದಿಲ್ಲ, ಇದು ಸುಳ್ಳೇ ಹೇಳುತ್ತದೆ. ನನ್ನನ್ನು ಕೇಳಿದರೆ 99 ರೂಪಾಯಿಯ ಹಳದಿ ಡಬ್ಬಿಗಿಂತ ಇದು ಹೆಚ್ಚು ಅಪಾಯ, ಏಕೆಂದರೆ ಹಳದಿ ಡಬ್ಬಿ ಕಂಡರೆ ಕನಿಷ್ಠ ಅನುಮಾನವಾದರೂ ಹುಟ್ಟುತ್ತದೆ.

ಈಗ ಬ್ರೇಕಿಗೆ ಬರೋಣ. ಗಾಡಿ ತೂಕ 110 ಕಿಲೋ, ಇಬ್ಬರು ಕೂತರೆ ಇನ್ನೊಂದು 130 ಎಂದಿಟ್ಟುಕೊಳ್ಳಿ. ತೋರಣಗಲ್ಲು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಎಮ್ಮೆ ಅಡ್ಡ ಬಂತು, ಬ್ರೇಕು ಹಿಡಿದಿರಿ. ಆ ಓಟದ ಶಕ್ತಿಯೆಲ್ಲ ಸುಮಾರು 33 ಕಿಲೋಜೂಲ್ ಶಾಖವಾಗಿ ಬಹುಪಾಲು ಶೂ ಒತ್ತಿ ಹಿಡಿಯುವ ಬಟ್ಟಲಿನಂಥ ಡ್ರಮ್ಮಿನೊಳಗೆ ಇಳಿಯುತ್ತದೆ. 100 ಮಿ.ಲೀ. ನೀರು, ಅಂದರೆ ಹೋಟೆಲಿನ ಒಂದು ಚಹಾ ಗ್ಲಾಸಿನಷ್ಟು ನೀರು, ಕುದಿಯಲು ಅಷ್ಟು ಶಾಖ ಸಾಕು. ಒಂದೇ ಒಂದು ಸಲ ನಿಲ್ಲಿಸಿದ್ದಕ್ಕೆ, ಮೂರ್ನಾಲ್ಕು ಸೆಕೆಂಡಿನಲ್ಲಿ. ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ಎಷ್ಟು ಗ್ಲಾಸು ಚಹಾ ಆಯಿತು ಲೆಕ್ಕ ಹಾಕಿ. ಹೊರಗಿನ ಬಿಸಿಲೇ 40 ಡಿಗ್ರಿ ದಾಟಿರುವ ಊರಲ್ಲಿ ಆ ಡ್ರಮ್ಮು ತಣ್ಣಗಾಗಲು ಗಾಳಿಯೂ ತಣ್ಣಗಿಲ್ಲ.

ಲೈನರ್ ಎಂಬುದು ರಾಳ, ನಾರು, ಲೋಹದ ಪುಡಿ, ಗ್ರಾಫೈಟು ಇವನ್ನೆಲ್ಲ ಕಲಸಿ, ಒತ್ತಿ, ಬೇಯಿಸಿದ ರೊಟ್ಟಿ. ಅದನ್ನು ಹಿಡಿದಿಡುವುದು ರಾಳ. ಅಗ್ಗದ ರಾಳ, ಅರೆಬೆಂದ ರಾಳ ಬಿಸಿಗೆ ಬೇಗ ಕೆಡುತ್ತದೆ. ಲೈನರ್ ಮೇಲೆ ಗಾಜಿನಂಥ ಹೊಳಪು ಪೊರೆ ಕಟ್ಟಿ ಹಿಡಿತ ಜಾರುತ್ತದೆ. ಬೆಳಿಗ್ಗೆ ಗಲ್ಲಿಯಲ್ಲಿ ನಿಧಾನಕ್ಕೆ ಓಡಿಸಿ ಪರೀಕ್ಷೆ ಮಾಡಿದಾಗ 'ಭಾರಿ ಹಿಡೀತದ' ಅನ್ನಿಸಿದ ಬ್ರೇಕೇ ಇಳಿಜಾರಿನ ಐದನೇ ತಿರುವಿನಲ್ಲಿ ಕೈಕೊಡುವುದು ಹೀಗೆ. 60ರ ವೇಗದಲ್ಲಿ 23 ಮೀಟರಿಗೆ ನಿಲ್ಲಬೇಕಿದ್ದ ಗಾಡಿಯ ಹಿಡಿತ ಮೂರರಲ್ಲಿ ಒಂದು ಪಾಲು ಕಡಿಮೆಯಾದರೆ ನಿಲ್ಲುವುದು 35 ಮೀಟರಿಗೆ. ಆ 12 ಮೀಟರ್ ಅಂದರೆ ಹೆಚ್ಚೂಕಡಿಮೆ ನಮ್ಮ ಸಾರಿಗೆ ಬಸ್ಸಿನ ಉದ್ದ.

ಅದಕ್ಕಿಂತ ಕೆಟ್ಟದ್ದು ಅಂಟು ಬಿಡುವುದು. ಲೈನರ್ ಪೂರ್ತಿ ಕಿತ್ತು ಬಂದು ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಬ್ರೇಕೇ ಇಲ್ಲವಾಗಬಹುದು, ಇಲ್ಲವೇ ಚಕ್ರ ತಿರುಗದೆ ಗಪ್ಪನೆ ನಿಲ್ಲಬಹುದು. ನನ್ನ ಶೂವಿನ ಆ ಕೂದಲೆಳೆ ಸಂದಿಗೆ ಮೆಕ್ಯಾನಿಕ್ ಹೆದರಿದ್ದು ಇದಕ್ಕೇ. ಇನ್ನು ಅಂಟು ಗಟ್ಟಿ ಇದ್ದು ಲೈನರೇ ಅತಿ ಗಡುಸಾಗಿದ್ದರೆ ಅದು ಸವೆಯುವ ಬದಲು ಡ್ರಮ್ಮನ್ನು ಸವೆಸುತ್ತದೆ. ನಮ್ಮ ಮಾಮೂಲಿ ಗಾಡಿಗಳಲ್ಲಿ ಡ್ರಮ್ಮು ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನೊಳಗೇ ಕೂತಿರುತ್ತದೆ. ಅದು ಸವೆದರೆ ಹಬ್ಬು ಬದಲಿಸಿ, ಕಡ್ಡಿ ಬಿಗಿಸಿ, ಚಕ್ರ ಮತ್ತೆ ಸರಿಮಾಡಿಸಬೇಕು. ಬ್ರೇಕ್ ಶೂನಲ್ಲಿ ಉಳಿದ ನೂರಿನ್ನೂರು ರೂಪಾಯಿ ಅಲ್ಲಿಗೆ ಗೊತ್ತೇ ಆಗದಂತೆ ಕರಗಿಹೋಗುತ್ತದೆ.

ಈ ಮಾತಿನ ನಡುವೆ ಇನ್ನೊಂದು. ಗ್ಯಾರೇಜಿನಲ್ಲಿ ಡ್ರಮ್ ಬಿಚ್ಚಿದ ಕೂಡಲೇ ಹುಡುಗರು ಏರ್ ಪೈಪು ಹಿಡಿದು ಧೂಳು ಊದುತ್ತಾರಲ್ಲ, ಆಗ ಮುಖ ಕೊಟ್ಟು ನಿಲ್ಲಬೇಡಿ, ಅವರಿಗೂ ಊದಬೇಡಿ ಎನ್ನಿ. ಹಿಂದೆ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಏನು ಬೆರೆಸಿದ್ದಾರೆಂದು ಡಬ್ಬಿಯೇ ಹೇಳದ ಮಾಲಿನ ಧೂಳನ್ನು ನಂಬಿ ಉಸಿರೆಳೆಯಲು ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು.

ಚೈನಿನ ಕಥೆ ಬೇರೆ ಥರದ್ದು. 'ಚೈನು ಜಗ್ಗಿದೆ' ಎನ್ನುತ್ತೇವೆ, ಆದರೆ ಉಕ್ಕು ಜಗ್ಗಿರುವುದಿಲ್ಲ. ನೂರಕ್ಕೂ ಹೆಚ್ಚು ಕೊಂಡಿಗಳಲ್ಲಿ ಪ್ರತಿಯೊಂದರ ಪಿನ್ನೂ ಅದರ ಸುತ್ತಲಿನ ಬುಷ್ಷೂ ಉಜ್ಜಿ ಸವೆದು, ಒಂದೊಂದರಲ್ಲಿ 0.1 ಮಿ.ಮೀ. ಸಡಿಲಾದರೂ ಒಟ್ಟು ಒಂದು ಸೆಂಟಿಮೀಟರ್ ಉದ್ದ ಹೆಚ್ಚುತ್ತದೆ. ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವವರ ಚೈನಿನಲ್ಲಿ ಎಣ್ಣೆಗೆ ಕೆಂಪು ಧೂಳು ಅಂಟಿ ಕೆಂಪು ಕೆಸರಾಗಿರುತ್ತದೆ. ಅದು ಬರೀ ಮಣ್ಣಲ್ಲ, ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಪುಡಿ, ಹದವಿಲ್ಲದ ಮೆತ್ತನೆ ಉಕ್ಕಿಗಿಂತ ಗಟ್ಟಿ. ಪಿನ್ನು ಸರಿಯಾಗಿ ಹದಗೊಂಡಿದ್ದರೆ ಸ್ವಲ್ಪ ತಡೆಯುತ್ತದೆ. ಇಲ್ಲದಿದ್ದರೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ ಹಾಗೆ. ಸಿಂಧನೂರು, ಗಂಗಾವತಿ ಕಡೆಯ ಗದ್ದೆ ದಾರಿಯಲ್ಲಿ ಓಡಿಸುವವರಿಗೆ ಕೆಂಪಿನ ಬದಲು ಕಪ್ಪು ಎರೆಮಣ್ಣು, ಪರಿಣಾಮ ಸ್ವಲ್ಪ ನಿಧಾನ ಅಷ್ಟೆ.

ಚೈನು ಕೂತು ತಿರುಗುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ಟಿನ ಹದ ನೋಡಲು ಗ್ಯಾರೇಜಿನಲ್ಲಿ ಒಂದು ಹಳೇ ಉಪಾಯ ಇದೆ. ಹಲ್ಲಿನ ಅಂಚಿನ ಮೇಲೆ ಅರ ಎಳೆಯುವುದು. ಹಲ್ಲು ಹದಗೊಂಡಿದ್ದರೆ ಅರ ಜಾರುತ್ತದೆ, ಸದ್ದು ತೆಳ್ಳಗೆ ಬರುತ್ತದೆ. ಹದವಿಲ್ಲದಿದ್ದರೆ ಅರ ಕಚ್ಚುತ್ತದೆ, ಹೊಳೆಯುವ ಪುಡಿ ಉದುರುತ್ತದೆ. ಆನ್‌ಲೈನಿನಿಂದ ತರಿಸಿದ ಒಂದು ಚೈನ್ ಕಿಟ್ಟಿಗೆ ನಮ್ಮ ಮೆಕ್ಯಾನಿಕ್ ಹೀಗೆ ಮಾಡಿ ತೋರಿಸಿದರು. ದೊಡ್ಡ ಸ್ಪ್ರಾಕೆಟ್ಟಿನ ಹಲ್ಲಿಗೆ ಅರ ಬೆಣ್ಣೆಗೆ ಕಚ್ಚಿದಂತೆ ಕಚ್ಚಿತು. ಇಂಥ ಹಲ್ಲು ಕೆಲವೇ ತಿಂಗಳಲ್ಲಿ ಕೊಕ್ಕೆಯಂತೆ ಬಾಗುತ್ತದೆ, ಚೈನನ್ನೂ ತನ್ನ ಜೊತೆ ಹಾಳು ಮಾಡುತ್ತದೆ.

ಚೈನು ಅಳೆಯಲು ಟೇಪು ಸಾಕು. 428 ಎಂದು ಕೆತ್ತಿದ ಚೈನಿನಲ್ಲಿ ಮೊದಲ 4 ಎಂದರೆ ಎಂಟರಲ್ಲಿ ನಾಲ್ಕು ಇಂಚು, ಅಂದರೆ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 12.7 ಮಿ.ಮೀ. ಬಿಗಿಯಾಗಿ ಎಳೆದು ಹಿಡಿದು 21 ಪಿನ್ನು ಎಣಿಸಿ, ಮೊದಲನೆಯದರ ನಡುವಿನಿಂದ ಕೊನೆಯದರ ನಡುವಿಗೆ ಅಳೆದರೆ ಹೊಸದರಲ್ಲಿ 254 ಮಿ.ಮೀ. ಇರಬೇಕು. 259 ಮುಟ್ಟಿದರೆ ಎರಡು ಪರ್ಸೆಂಟ್ ಹಿಗ್ಗಿದೆ, ಬದಲಿಸುವ ಹೊತ್ತು. ಹೊಸ ಚೈನು ಡಬ್ಬಿಯಿಂದ ತೆಗೆದಾಗಲೇ 255, 256 ಬಂದರೆ ಅದನ್ನು ಹಾಕುವ ಗೋಜಿಗೇ ಹೋಗಬೇಡಿ, ವಾಪಸು ಕಳಿಸಿ. ಜೋಡಿಸುವ ಕೊಂಡಿಯ ಲಾಕು ಮೀನಿನ ಆಕಾರದಲ್ಲಿರುತ್ತದೆ. ಅದರ ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗೆ ಇರಬೇಕು, ಬಾಯಿ ಹಿಂದಕ್ಕೆ. ಅಗ್ಗದ ಕಿಟ್ಟಿನಲ್ಲಿ ಈ ಪುಟ್ಟ ಲಾಕು ಸ್ಪ್ರಿಂಗಿನಂತೆ ಪುಟಿಯದೆ ಕೈಯಲ್ಲೇ ಸೊಟ್ಟಗಾಗುತ್ತದೆ. ಓಡುವಾಗ ಅದು ಹಾರಿ ಚೈನು ಬಿಚ್ಚಿದರೆ ಅದೃಷ್ಟ ಚೆನ್ನಾಗಿದ್ದವರಿಗೆ ಗಾಡಿ ಸುಮ್ಮನೆ ನಿಲ್ಲುತ್ತದೆ. ಇಲ್ಲದವರಿಗೆ ಚೈನು ಮುಂದಿನ ಸ್ಪ್ರಾಕೆಟ್ಟಿನಲ್ಲಿ ಗಂಟಾಗಿ ಎಂಜಿನ್ ಕೇಸೇ ಒಡೆಯಬಹುದು, ಹಿಂದಿನ ಚಕ್ರ ಬಿಗಿಯಬಹುದು.

ಎಕ್ಸಿಲೇಟರ್ ಕೇಬಲ್ಲನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ, ಅದೊಂದು ವೈರು ತಾನೇ ಎನ್ನುತ್ತಾರೆ. ಕ್ಲಚ್ ವೈರು ತುಂಡಾದರೆ ಹೇಗೋ ತಳ್ಳಿಕೊಂಡು ಹೋಗಬಹುದು. ಎಕ್ಸಿಲೇಟರ್ ಕೇಬಲ್ಲಿನೊಳಗಿನ ಪ್ಲಾಸ್ಟಿಕ್ ಕೊಳವೆ ಒರಟಾಗಿದ್ದರೆ ಮಾತ್ರ ಕೈ ಬಿಟ್ಟರೂ ಅದು ಹಿಂದಕ್ಕೆ ಬರುವುದಿಲ್ಲ, ಗಾಡಿ ಓಡುತ್ತಲೇ ಇರುತ್ತದೆ. ಹೊಸ ಕೇಬಲ್ ಹಾಕಿದ ಮೇಲೆ ಎಂಜಿನ್ ಆಫ್ ಇಟ್ಟು, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಎರಡೂ ಕಡೆ ಗ್ರಿಪ್ ತಿರುವಿ ಬಿಟ್ಟು ನೋಡಬೇಕು. ಟಪ್ ಎಂದು ತಾನೇ ಹಿಂದಕ್ಕೆ ಬರಬೇಕು. ಬ್ರೇಕ್ ಲಿವರ್, ಡಿಸ್ಕ್ ಪ್ಯಾಡ್, ಬ್ರೇಕ್ ಆಯಿಲ್ ಪೈಪು, ಫೋರ್ಕು, ಹ್ಯಾಂಡಲ್ ಇವೂ ಕೈಕೊಟ್ಟರೆ ಬೀಳಿಸುವ ಇದೇ ಗುಂಪಿನವು. ಟೈರು, ಟ್ಯೂಬು, ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಕಡ್ಡಾಯ, ಅದಿಲ್ಲದ್ದನ್ನು ಮಾರುವುದೇ ತಪ್ಪು. ಹೆಲ್ಮೆಟ್ಟಿಗೆ ಈ ನಿಯಮ ಬಂದದ್ದು 2021ರ ಜೂನ್ 1ರಿಂದ.

ಬೀಳಿಸದೆ, ನಿಲ್ಲಿಸದೆ, ಒಳಗೊಳಗೇ ತಿನ್ನುವ ಪಾರ್ಟುಗಳೂ ಇವೆ. ಏರ್ ಫಿಲ್ಟರ್ ಅಂಥದ್ದು. ಕಾಗದದ ರಂಧ್ರ ದೊಡ್ಡದಾಗಿದ್ದರೆ, ಇಲ್ಲವೇ ಅಂಚಿನ ರಬ್ಬರು ಗಾಡಿಯಲ್ಲಿ ಫಿಲ್ಟರ್ ಕೂರುವ ಡಬ್ಬಿಗೆ ಸರಿಯಾಗಿ ಕೂರದಿದ್ದರೆ ಗಾಡಿ ಮೊದಲಿಗಿಂತ ಚುರುಕಾಗಿಯೇ ಓಡಿದಂತೆ ಅನ್ನಿಸಬಹುದು. ಗಾಳಿ ಧಾರಾಳ ಹೋಗುತ್ತದಲ್ಲ! ಜೊತೆಗೆ ಅದಿರಿನ ಧೂಳು, ರಾಯಚೂರಿನವರಾದರೆ ಅಕ್ಕಿ ಗಿರಣಿಯ ಹೊಟ್ಟಿನ ಧೂಳು, ಕೊಪ್ಪಳ ಹತ್ತಿರದ ಗಿಣಿಗೇರಿ ಕಡೆಯವರಾದರೆ ಕಾರ್ಖಾನೆಯ ಕಪ್ಪು ಪುಡಿ ಕೂಡ ಪಿಸ್ಟನ್ನಿಗೆ ಹೋಗುತ್ತದೆ. ವರ್ಷ ಕಳೆದ ಮೇಲೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂದಾಗ ಯಾರಿಗೂ ಆ ಫಿಲ್ಟರ್ ನೆನಪಾಗುವುದಿಲ್ಲ. ಹಳೆಯದನ್ನು ತೆಗೆದಾಗ ಡಬ್ಬಿಯ ಒಳಬದಿಯನ್ನು, ಅಂದರೆ ಫಿಲ್ಟರ್ ದಾಟಿದ ಕಡೆ, ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಕೆಂಪಾದರೆ ಫಿಲ್ಟರ್ ಸುಮ್ಮನೆ ಕೂತಿತ್ತು ಎಂದರ್ಥ.

ಬೇರಿಂಗು ಇನ್ನೊಂದು. 6301, 6202 ಎಂಬ ಸಂಖ್ಯೆಗಳು ಜಗತ್ತಿನಲ್ಲೆಲ್ಲ ಒಂದೇ ಅಳತೆ. ಕೊನೆಯ 01 ಎಂದರೆ ಒಳತೂತು 12 ಮಿ.ಮೀ., 02 ಎಂದರೆ 15. ಆದ್ದರಿಂದ ಇದು ಯಾವ ಗಾಡಿಯದು ಎಂದು ತಲೆ ಕೆಡಿಸಿಕೊಳ್ಳದೆ ನಂಬರ್ ಹೇಳಿ ಒಳ್ಳೆಯ ಕಂಪನಿಯದೇ ಕೊಳ್ಳಬಹುದು. ಗಾಡಿ ಕಂಪನಿಯ ಡಬ್ಬಿಗಿಂತ ಅಗ್ಗವಾಗಿಯೂ ಸಿಕ್ಕೀತು. ಆದರೆ ನಂಬರ್ ಒಂದೇ ಎಂದರೆ ಅಳತೆ ಒಂದೇ ಎಂದಷ್ಟೇ ಅರ್ಥ. ಗುಂಡು ಎಷ್ಟು ದುಂಡಗಿದೆ ಎಂದು ಆ ನಂಬರ್ ಹೇಳುವುದಿಲ್ಲ.

ಇಷ್ಟು ಓದಿ ಅಂಜಬೇಡಿ. ಮಿರರ್, ಗ್ರಿಪ್, ಸೀಟ್ ಕವರ್, ಸೈಡ್ ಪ್ಯಾನೆಲ್, ಇಂಡಿಕೇಟರ್ ಗಾಜು, ಸಾರಿ ಗಾರ್ಡು, ಮೊಬೈಲ್ ಹಿಡಿಕೆ: ಇವನ್ನು ಧಾರಾಳವಾಗಿ ಅಗ್ಗದ್ದೇ ತನ್ನಿ. ಬಣ್ಣ ಮಾಸೀತು, ಒಡೆದೀತು, ಅಷ್ಟೆ. ಎಲ್‌ಇಡಿ ಹೆಡ್‌ಲೈಟ್ ಬಲ್ಬು ಮಾತ್ರ ಬೇಡ. ಹಳೇ ಬಲ್ಬಿಗೆ ಮಾಡಿದ ಡೂಮಿನಲ್ಲಿ ಅದರ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ, ನಿಮಗೆ ರಸ್ತೆಯ ಗುಂಡಿ ಕಾಣುವುದಿಲ್ಲ. ಹಳೇ ಗಾಡಿಯವರ ಕಷ್ಟವೂ ನನಗೆ ಗೊತ್ತು. ಗಂಗಾವತಿಯಲ್ಲಿರುವ ನಮ್ಮ ಅಕ್ಕನ ಮಗ 1996ಕ್ಕೇ ತಯಾರಿಕೆ ನಿಂತುಹೋದ ಯಮಾಹಾ ಆರ್‌ಎಕ್ಸ್ 100 ಬೈಕು ಇಟ್ಟುಕೊಂಡಿದ್ದಾನೆ. ಅವನಿಗೆ ಆನ್‌ಲೈನ್ ಬಿಟ್ಟರೆ ಬೆಂಗಳೂರಿನ ಜೆ.ಸಿ. ರಸ್ತೆಗೋ ದಿಲ್ಲಿಯ ಕರೋಲ್ ಬಾಗಿಗೋ ಫೋನು ಹಚ್ಚಬೇಕು.

ಆನ್‌ಲೈನಿನ ಸ್ಟಾರುಗಳ ಬಗ್ಗೆ ಒಂದು ಮಾತು. ಬ್ರೇಕ್ ಶೂ ಸಾವಿರಾರು ಕಿ.ಮೀ. ಓಡಬೇಕಾದ ಮಾಲು. ಅದರ ರಿವ್ಯೂ ಬರೆಯುವುದು ಪಾರ್ಸಲ್ ಬಂದ ಎರಡನೇ ದಿನ. 'ಸೂಪರ್ ಪ್ರಾಡಕ್ಟ್, ಫಿಟ್ಟಿಂಗ್ ಕರೆಕ್ಟ್' ಎಂದಿರುತ್ತದೆ. ಅಂದರೆ ಐದು ಸ್ಟಾರು ಸಿಕ್ಕಿದ್ದು ಅಳತೆಗೆ, ಬಣ್ಣಕ್ಕೆ, ಪಾರ್ಸಲ್ ತಂದ ಹುಡುಗನಿಗೆ. 'ಆರು ತಿಂಗಳಾಯ್ತು' ಎಂದು ಶುರುವಾಗುವ ರಿವ್ಯೂ ಒಂದು ಸಿಕ್ಕರೂ ಅದು ಉಳಿದ ಇನ್ನೂರಕ್ಕಿಂತ ತೂಕದ್ದು. ಹಾಗೆಯೇ 999 ಹೊಡೆದುಹಾಕಿ 199 ಎಂದು ಬರೆದ ರೇಟನ್ನು ನೋಡಿ 800 ಉಳಿಯಿತು ಎಂದುಕೊಳ್ಳಬೇಡಿ. ಆ 999ನ್ನು ಯಾರೂ ಎಂದೂ ಕೊಟ್ಟಿರುವುದಿಲ್ಲ. ಅದೇ ದೊಡ್ಡ ಕಂಪನಿಯ ಹೆಸರಿನ ಪಾರ್ಟು ಎಂಆರ್‌ಪಿಯ ಅರ್ಧಕ್ಕೆ ಸಿಗುತ್ತಿದ್ದರೆ ಇನ್ನೂ ಹುಷಾರು. ನಮ್ಮ ಅಂಗಡಿಯವರು ನೂರಕ್ಕೆ ಐದು ಹತ್ತು ಬಿಡಲು ಎಷ್ಟು ಒದ್ದಾಡುತ್ತಾರೆ ನೋಡಿದ್ದೀರಲ್ಲ.

ಪಾರ್ಸಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಹಳೇ ಪಾರ್ಟನ್ನು ಒರೆಸಿ ಹೊಸದರ ಪಕ್ಕ ಇಡಿ, ತಕ್ಕಡಿ ಇದ್ದರೆ ತೂಗಿ. ಸವೆದ ಹಳೆಯದಕ್ಕಿಂತ ಹೊಸದೇ ಹಗುರವಾಗಿದ್ದರೆ ಏನೋ ಕಡಿಮೆ ಹಾಕಿದ್ದಾರೆ. ಇದೆಲ್ಲ ಗಾಡಿಗೆ ಹಾಕುವ ಮೊದಲೇ ಆಗಬೇಕು, ಒಮ್ಮೆ ಗ್ರೀಸ್ ಮೆತ್ತಿದ ಮೇಲೆ ವಾಪಸು ತೆಗೆದುಕೊಳ್ಳುವವರು ಯಾರೂ ಇಲ್ಲ.

ಕಾನೂನು ನಿಮ್ಮ ಕಡೆಗೇ ಇದೆ. ಮಾಲು ಯಾವ ದೇಶದ್ದು, ಮಾರುವವರು ಯಾರು, ವಿಳಾಸ ಏನು ಎಂಬುದನ್ನು ತೋರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ದೂರು ಬಂದರೆ 48 ಗಂಟೆಯೊಳಗೆ ಮುಟ್ಟಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಮಾಲಿಗೆ ಶುಲ್ಕವಿಲ್ಲ. ಮಾರಿದವನು ದಿಲ್ಲಿಯಲ್ಲಿದ್ದರೆ ಅವನೇ ಬಳ್ಳಾರಿಗೆ ಬರಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸುರಕ್ಷತೆಗೆ ಅತಿ ಮುಖ್ಯವೆಂದು ಸರ್ಕಾರ ಸೂಚಿಸಿದ ಪಾರ್ಟನ್ನು ಗುಣಮಟ್ಟವಿಲ್ಲದೆ ಮಾರಿದವರಿಗೆ ಪಾರ್ಟೊಂದಕ್ಕೆ 1 ಲಕ್ಷ ರೂಪಾಯಿ ದಂಡ, ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. 99 ರೂಪಾಯಿಗೆ ಯಾರು ಅಲೆಯುತ್ತಾರೆ ಎನ್ನುವುದೂ ನಿಜ. ನಾನೂ ಅಲೆಯಲಿಲ್ಲ. ಶೂ ವಾಪಸು ಕಳಿಸಿದೆ, ದುಡ್ಡು ಆರು ದಿನಕ್ಕೆ ಬಂತು.

ಆವತ್ತು ಕೌಲ್ ಬಜಾರಿನಲ್ಲಿ ಕಂಪನಿ ಡಬ್ಬಿಯ ಶೂ ಹಾಕಿಸಿದೆ. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ಖಾಲಿ ಡಬ್ಬಿಯನ್ನು ಎತ್ತಿಕೊಂಡು, ಬ್ಲೇಡಿನಿಂದ ಹೊಲೋಗ್ರಾಮಿನ ಮೇಲೆ ಅಡ್ಡಡ್ಡ ಕೊಯ್ದು, ನಾಲ್ಕು ತುಂಡು ಮಾಡಿ ಕಸದ ಡಬ್ಬಕ್ಕೆ ಹಾಕಿದರು. ಪಕ್ಕದಲ್ಲಿದ್ದ ಖಾಲಿ ಎಂಜಿನ್ ಆಯಿಲ್ ಬಾಟಲಿಗೂ ಸ್ಕ್ರೂಡ್ರೈವರಿನಿಂದ ಎರಡು ತೂತು ಬಿತ್ತು. ಯಾಕೆ ಎಂದು ಕೇಳಿದೆ. "ಗುಜರಿಯವ್ರು ಬರ್ತಾರ ಸರ್. ಹರಿಯದ ಡಬ್ಬಿ ಇದ್ರ ಕೊಡ್ರಿ, ಬ್ಯಾರೆ ರೇಟ್ ಕೊಡ್ತೀವಿ ಅಂತಾರ" ಎಂದು ಕೈ ಒರೆಸಿಕೊಂಡರು.